ಹೊಸ ತಂತ್ರಜ್ಞಾನ ಮತ್ತು ನೌಕರರ ಒಪ್ಪಿಗೆ

ಗಿರಣಿಗೆ ಹೊಸ ಮಗ್ಗ ಬಂದಾಗ, ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ, ಅಂಗನವಾಡಿಗೆ ಮೊಬೈಲ್ ಆ್ಯಪ್ ಬಂದಾಗ ಅಲ್ಲಿ ದುಡಿಯುವವರು ಅದನ್ನು ಮನಸ್ಸಿಟ್ಟು ಬಳಸುವಂತೆ ಮಾಡುವುದು ಹೇಗೆ? ಕಾರ್ಮಿಕ ಚರಿತ್ರೆ, ಮನಶ್ಶಾಸ್ತ್ರ, ಆಡಳಿತ ವಿಜ್ಞಾನ ಮೂರೂ ಈ ಪ್ರಶ್ನೆಯನ್ನು ಎತ್ತಿಕೊಂಡಿವೆ. ಯಂತ್ರವನ್ನು ಹಣ ಕೊಟ್ಟು ತರಬಹುದು. ಅದರ ಮುಂದೆ ಕೂರುವವರು ಒಪ್ಪದಿದ್ದರೆ ಅದು ಮೂಲೆಯಲ್ಲಿ ದೂಳು ಹಿಡಿಯುತ್ತದೆ, ಇಲ್ಲವೇ ಹಳೆಯ ರಿಜಿಸ್ಟರಿನ ಜೊತೆಗೆ ಎರಡನೆಯ ಹೊರೆಯಾಗಿ ಉಳಿಯುತ್ತದೆ.

ಈ ವಿಷಯದ ಬಗ್ಗೆ ಕಳೆದ ಎಂಟು ದಶಕಗಳಲ್ಲಿ ಅಮೆರಿಕ, ಬ್ರಿಟನ್, ನಾರ್ವೆ, ಭಾರತಗಳಲ್ಲಿ ಹೇರಳವಾದ ಅಧ್ಯಯನ ನಡೆದಿದೆ. ಭಾರತದ ಉದಾಹರಣೆಗಳಂತೂ ಬಹಳ ಸಮೃದ್ಧವಾಗಿವೆ: ಅಹಮದಾಬಾದಿನ ಗಿರಣಿ, ಕಲ್ಕತ್ತದ ವಿಮಾ ಕಚೇರಿ, ದೇಶದ ಉದ್ದಗಲಕ್ಕೂ ಹರಡಿದ ಬ್ಯಾಂಕ್ ಶಾಖೆಗಳು, ಕರ್ನಾಟಕದ ತಾಲ್ಲೂಕು ಕಚೇರಿಗಳು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹೊಸ ಯಂತ್ರ ಕಂಡ ನೌಕರ ಮೊದಲು ಕೇಳುವುದು ಯಾವ ಗುಂಡಿ ಒತ್ತಬೇಕು ಎಂದಲ್ಲ. ನನ್ನ ಕೆಲಸ ಉಳಿಯುತ್ತದೆಯೇ, ಸಂಬಳ ಕಡಿಮೆಯಾಗುತ್ತದೆಯೇ, ಇಷ್ಟು ವರ್ಷ ಕಲಿತದ್ದಕ್ಕೆ ಇನ್ನು ಬೆಲೆ ಇದೆಯೇ ಎಂದು. ಯಂತ್ರಕ್ಕೆ ಮುಂಚೆಯೇ ಇವುಗಳಿಗೆ ಉತ್ತರ ಸಿಕ್ಕ ಕಡೆಗಳಲ್ಲಿ ತರಬೇತಿ ಸಲೀಸಾಗಿ ನಡೆದಿದೆ. ಉತ್ತರ ಸಿಗದ ಕಡೆ ಎಷ್ಟೇ ತರಬೇತಿ ಕೊಟ್ಟರೂ ಅದು ಮೈಗೆ ಹತ್ತಿಲ್ಲ.

ವಿರೋಧದ ಮೊದಲ ಅಧ್ಯಾಯ

ಯಂತ್ರವನ್ನು ವಿರೋಧಿಸಿದವರೆಂದರೆ ಇಂಗ್ಲೆಂಡಿನ ಲಡ್ಡೈಟರ ಹೆಸರು ಮೊದಲು ಬರುತ್ತದೆ. 1811ರಲ್ಲಿ ನಾಟಿಂಗ್‌ಹ್ಯಾಮ್ ಸೀಮೆಯಲ್ಲಿ ಕಾಲುಚೀಲ ಹೆಣೆಯುವ ಕುಶಲಕರ್ಮಿಗಳು ರಾತ್ರಿ ಹೊತ್ತು ಹೆಣಿಗೆ ಚೌಕಟ್ಟುಗಳನ್ನು ಒಡೆಯತೊಡಗಿದರು. 1812ರಲ್ಲಿ ಪಾರ್ಲಿಮೆಂಟು ಯಂತ್ರ ಒಡೆಯುವುದಕ್ಕೆ ಮರಣದಂಡನೆ ವಿಧಿಸುವ ಕಾನೂನು ತಂದಿತು. ಅವರನ್ನು ಯಂತ್ರದ್ವೇಷಿಗಳೆಂದು ಕರೆಯುವುದು ರೂಢಿಯಾಗಿದ್ದರೂ ಅದು ನ್ಯಾಯವಾದ ಮಾತಲ್ಲ. ಹೆಣಿಗೆ ಚೌಕಟ್ಟು ಆ ಮನೆಗಳಲ್ಲಿ ತಲೆಮಾರುಗಳಿಂದ ಇದ್ದ ವಸ್ತು. ಅದೇ ಚೌಕಟ್ಟಿನಲ್ಲಿ ಕಳಪೆ ಮಾಲು ತೆಗೆದು, ಕಸುಬು ಕಲಿಯದವರನ್ನು ಕಡಿಮೆ ಕೂಲಿಗೆ ಕೂರಿಸಿ, ಕಲಿತವರ ದರ ಇಳಿಸಿದ್ದು ಅವರ ಸಿಟ್ಟಿಗೆ ಕಾರಣ. ತಮ್ಮ ಮಾತು ಹೇಳಲು ಅವರಿಗೆ ಬೇರೆ ವೇದಿಕೆ ಇರಲಿಲ್ಲ; ಕಾರ್ಮಿಕರು ಸಂಘ ಕಟ್ಟುವುದೇ ಆಗ ಅಪರಾಧವಾಗಿತ್ತು.

ವಿಷಯವನ್ನು ಪ್ರಯೋಗಕ್ಕೆ ಒಡ್ಡಿ ನೋಡಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ವರ್ಜೀನಿಯಾ ರಾಜ್ಯದ ಮೇರಿಯನ್ ಎಂಬ ಪಟ್ಟಣದಲ್ಲಿ ಹಾರ್ವುಡ್ ಎಂಬ ಪೈಜಾಮ ಕಾರ್ಖಾನೆಯಿತ್ತು. ಅಲ್ಲಿ ಹೆಚ್ಚಿನವರು ಮಹಿಳೆಯರು. ಎಷ್ಟು ತುಂಡು ಹೊಲಿದರೋ ಅಷ್ಟಕ್ಕೆ ಕೂಲಿ. ಹೊಲಿಗೆಯ ವಿಧಾನ ಬದಲಾದಾಗಲೆಲ್ಲ ಕೈ ಪಳಗಿದವರೂ ವಾರಗಟ್ಟಲೆ ಹಿಂದೆ ಬೀಳುತ್ತಿದ್ದರು, ಹಲವರು ಕೆಲಸ ಬಿಟ್ಟು ಹೋಗುತ್ತಿದ್ದರು. ಕಾರ್ಖಾನೆಯ ಸಿಬ್ಬಂದಿ ಅಧಿಕಾರಿ ಲೆಸ್ಟರ್ ಕಾಚ್ ಮತ್ತು ಮನಶ್ಶಾಸ್ತ್ರಜ್ಞ ಜಾನ್ ಫ್ರೆಂಚ್ ಕೆಲಸಗಾರರನ್ನು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಬದಲಾವಣೆಯನ್ನು ಸುಮ್ಮನೆ ತಿಳಿಸಲಾಯಿತು. ಇನ್ನೊಂದು ಗುಂಪು ತನ್ನ ಪ್ರತಿನಿಧಿಗಳ ಮೂಲಕ ಹೊಸ ವಿಧಾನವನ್ನೂ ದರವನ್ನೂ ರೂಪಿಸುವುದರಲ್ಲಿ ಪಾಲ್ಗೊಂಡಿತು. ಮತ್ತೆರಡು ಗುಂಪುಗಳಲ್ಲಿ ಎಲ್ಲರೂ ಕೂತು ಚರ್ಚಿಸಿದರು.

1948ರಲ್ಲಿ ಪ್ರಕಟವಾದ ಫಲಿತಾಂಶ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಬರೀ ತಿಳಿಸಿದ ಗುಂಪಿನ ಉತ್ಪಾದನೆ ಕುಸಿದು ಅಲ್ಲೇ ನಿಂತಿತು. ಮೊದಲ 40 ದಿನಗಳಲ್ಲೇ ಶೇ. 17ರಷ್ಟು ಮಂದಿ ಕೆಲಸ ಬಿಟ್ಟರು. ಎಲ್ಲರೂ ಪಾಲ್ಗೊಂಡ ಗುಂಪುಗಳು ಬೇಗನೆ ಚೇತರಿಸಿಕೊಂಡು ಹಳೆಯ ಮಟ್ಟಕ್ಕಿಂತ ಸುಮಾರು ಶೇ. 14ರಷ್ಟು ಮೇಲೇರಿದವು, ಅಲ್ಲಿ ಯಾರೂ ಬಿಟ್ಟು ಹೋಗಲಿಲ್ಲ. ಇದಕ್ಕಿಂತ ಹೆಚ್ಚು ಮನಮುಟ್ಟುವ ಭಾಗ ಮುಂದಿನದು. ಮೊದಲ ಗುಂಪಿನಲ್ಲಿ ಉಳಿದವರನ್ನೇ ಎರಡೂವರೆ ತಿಂಗಳ ಬಳಿಕ ಮತ್ತೊಂದು ಕೆಲಸಕ್ಕೆ ಬದಲಿಸುವಾಗ ಎಲ್ಲರನ್ನೂ ಚರ್ಚೆಗೆ ಸೇರಿಸಿಕೊಳ್ಳಲಾಯಿತು. ಹಿಂದೆ ಮೊಂಡುಬಿದ್ದವರೆನಿಸಿಕೊಂಡಿದ್ದ ಅದೇ ಹೆಂಗಸರು ಈ ಸಲ ಬೇಗ ಕಲಿತರು. ಕೊರತೆ ಇದ್ದದ್ದು ಜನರ ಸ್ವಭಾವದಲ್ಲಲ್ಲ, ಅವರ ಜೊತೆ ನಡೆದುಕೊಂಡ ರೀತಿಯಲ್ಲಿ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಕಷ್ಟ.

ಅಹಮದಾಬಾದಿನ ಮಗ್ಗಗಳು

ಎರಡನೆಯ ಮಹಾಯುದ್ಧದ ಬಳಿಕ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಕನ್ವೇಯರ್ ಬೆಲ್ಟುಗಳ ದೊಡ್ಡ ವ್ಯವಸ್ಥೆ ಬಂದಿದ್ದರೂ ನಿರೀಕ್ಷೆಯಷ್ಟು ಕಲ್ಲಿದ್ದಲು ಮೇಲೆ ಬರಲಿಲ್ಲ. ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎರಿಕ್ ಟ್ರಿಸ್ಟ್ ಮತ್ತು ಸ್ವತಃ ಗಣಿಯಲ್ಲಿ ದುಡಿದಿದ್ದ ಕೆನ್ ಬ್ಯಾಮ್‌ಫೋರ್ತ್ 1951ರಲ್ಲಿ ಇದರ ಕಾರಣ ಹುಡುಕಿದರು. ಮೊದಲು ಗಣಿಗಾರರು ಸಣ್ಣ ತಂಡ ಕಟ್ಟಿಕೊಂಡು ಅಗೆಯುವುದರಿಂದ ಸಾಗಿಸುವವರೆಗೆ ಇಡೀ ಕೆಲಸವನ್ನು ತಾವೇ ಮಾಡುತ್ತಿದ್ದರು. ಯಂತ್ರ ಬಂದಮೇಲೆ ಒಂದು ಪಾಳಿಗೆ ಒಂದೇ ಕೆಲಸವಾಯಿತು, ಒಬ್ಬರ ತಪ್ಪು ಮುಂದಿನ ಪಾಳಿಯವರ ತಲೆಗೆ ಬಂತು. ಕತ್ತಲಲ್ಲಿ, ಅಪಾಯದಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿದ್ದ ತಂಡ ಒಡೆದುಹೋಗಿತ್ತು.

ಅದೇ ಸಂಸ್ಥೆಯ ಎ. ಕೆ. ರೈಸ್ 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್ಸ್‌ಗೆ ಬಂದರು. ಗಿರಣಿಯ ಮುಖ್ಯಸ್ಥರಾಗಿದ್ದ ಗೌತಮ್ ಸಾರಾಭಾಯಿ ಅವರನ್ನು ಕರೆಸಿಕೊಂಡಿದ್ದರು. ಒಂದು ಶೆಡ್ಡಿನಲ್ಲಿ 224 ಸ್ವಯಂಚಾಲಿತ ಮಗ್ಗಗಳನ್ನು ಕೂರಿಸಲಾಗಿತ್ತು. ಯಂತ್ರ ಚೆನ್ನಾಗಿತ್ತು, ಪರಿಣತರು ಪ್ರತಿ ಕೆಲಸವನ್ನೂ ಅಳೆದು ಕೊಟ್ಟಿದ್ದರು. ಆದರೂ ಬಟ್ಟೆ ಹೆಚ್ಚಾಗಲಿಲ್ಲ, ಹಾಳಾಗುವ ಬಟ್ಟೆಯೂ ಕಡಿಮೆಯಾಗಲಿಲ್ಲ. ಹವೆಯ ತೇವ, ನೂಲಿನ ಗುಣಮಟ್ಟ, ಕೆಲಸಗಾರರ ಅನುಭವ ಹೀಗೆ ಒಂದೊಂದನ್ನೇ ದೂರಿ ಮುಗಿದಿತ್ತು.

ರೈಸ್ ಕಂಡದ್ದು ಇಷ್ಟು. 29 ಮಂದಿಗೆ 12 ಬಗೆಯ ಕೆಲಸಗಳನ್ನು ಹಂಚಲಾಗಿತ್ತು. ಒಬ್ಬ ನೇಯುವವನು, ಒಬ್ಬ ನೂಲಿನ ಉಂಡೆ ತುಂಬುವವನು, ಒಬ್ಬ ಕಡಿದ ಎಳೆ ಕೂಡಿಸುವವನು, ಒಬ್ಬ ಎಣ್ಣೆ ಬಿಡುವವನು. ಒಬ್ಬೊಬ್ಬರ ಕೈಕೆಳಗಿನ ಮಗ್ಗಗಳ ಸಂಖ್ಯೆಯೂ ಬೇರೆ ಬೇರೆ. ಹೀಗಾಗಿ ಒಬ್ಬ ನೇಕಾರನ ಮಗ್ಗ ನಿಂತರೆ ಯಾರು ಬರಬೇಕೆಂಬುದೇ ಗೊಂದಲ. ಬರಬೇಕಾದವನು ಅದೇ ಹೊತ್ತಿಗೆ ಇನ್ನೊಬ್ಬ ನೇಕಾರನ ಕಡೆ ಓಡುತ್ತಿದ್ದ. ಬಟ್ಟೆ ಹಾಳಾದರೆ ಇದು ನನ್ನದು ಎನ್ನುವವರು ಯಾರೂ ಇರಲಿಲ್ಲ.

ಪರಿಹಾರವಾಗಿ ರೈಸ್ ಒಂದು ಸಲಹೆ ಮುಂದಿಟ್ಟರು: ಏಳು ಮಂದಿಯ ತಂಡಕ್ಕೆ 64 ಮಗ್ಗ, ಅವುಗಳ ಪೂರ್ತಿ ಹೊಣೆ ಆ ತಂಡದ್ದೇ. ಮೇಲ್ವಿಚಾರಕರು ಇದನ್ನು ಕೆಲಸಗಾರರ ಮುಂದೆ ಇಟ್ಟಾಗ ಅವರು ಕಾಯಲಿಲ್ಲ, ತಾವೇ ಕೂಡಿ ಯಾರ ಜೊತೆ ಯಾರು ಎಂದು ತಂಡ ಕಟ್ಟಿಕೊಂಡು ಬಂದರು. ಹೊಸ ಏರ್ಪಾಡು ನೆಲೆಗೊಂಡ ಮೇಲೆ ಮಗ್ಗಗಳ ದಕ್ಷತೆ ಶೇ. 80ರಿಂದ ಶೇ. 95ಕ್ಕೆ ಏರಿತು; ಹಾಳಾಗುವ ಬಟ್ಟೆಯ ಪ್ರಮಾಣ ಶೇ. 32ರಿಂದ ಶೇ. 20ಕ್ಕೆ ಇಳಿಯಿತು. ಮಗ್ಗ ಅದೇ, ನೂಲು ಅದೇ, ಕೆಲಸಗಾರರೂ ಅವರೇ. ರೈಸ್ ಇದನ್ನು 1958ರಲ್ಲಿ ಪುಸ್ತಕವಾಗಿ ಬರೆದರು.

ಕಥೆ ಅಲ್ಲಿಗೇ ಮುಗಿಯುವುದಿಲ್ಲ ಎನ್ನುವುದು ಈ ಪ್ರಯೋಗದ ಇನ್ನೊಂದು ಬೆಲೆ. ರೈಸ್ ಅವರ ಸಹೋದ್ಯೋಗಿ ಎರಿಕ್ ಮಿಲ್ಲರ್ 1970ರಲ್ಲಿ ಅದೇ ಗಿರಣಿಗೆ ಹೋಗಿ ನೋಡಿದಾಗ ಒಂದು ಶೆಡ್ಡಿನಲ್ಲಿ ತಂಡದ ಪದ್ಧತಿ ಗಟ್ಟಿಯಾಗಿ ಉಳಿದಿತ್ತು, ಬೇರೆ ಕಡೆ ಹಳೆಯ ಹಂಚಿಕೆ ಮೆಲ್ಲನೆ ಮರಳಿ ಬಂದಿತ್ತು. ಒಮ್ಮೆ ಸಿಕ್ಕ ಒಪ್ಪಿಗೆ ಶಾಶ್ವತವಲ್ಲ. ಮಾರುಕಟ್ಟೆ ಬದಲಾದಾಗ, ಮೇಲಿನವರು ಬದಲಾದಾಗ ಅದನ್ನು ಮತ್ತೆ ಸಂಪಾದಿಸಬೇಕಾಗುತ್ತದೆ.

ಕಾನೂನು ಮತ್ತು ಒಪ್ಪಂದ

ಸ್ವತಂತ್ರ ಭಾರತ ಈ ವಿಷಯಕ್ಕೆ ಬೇಗನೆ ಕಾನೂನಿನ ರೂಪ ಕೊಟ್ಟಿತು. 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ ಮುಂದೆ ಸೇರಿದ 9ಎ ಕಲಮಿನ ಪ್ರಕಾರ, ಕೆಲಸಗಾರರನ್ನು ತೆಗೆದುಹಾಕುವ ಸಂಭವವಿರುವ ಯಂತ್ರ ಸುಧಾರಣೆಗೆ ಮಾಲೀಕರು 21 ದಿನ ಮೊದಲೇ ನೋಟಿಸು ಕೊಡಬೇಕಿತ್ತು. 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರಕಾರ, ಮಾಲೀಕರು, ಕಾರ್ಮಿಕ ಸಂಘಗಳು ಸೇರಿ ಒಂದು ಮಾದರಿ ಒಪ್ಪಂದವನ್ನು ಒಪ್ಪಿಕೊಂಡರು. ಈಗಿರುವ ಯಾರೂ ಕೆಲಸವನ್ನೂ ಗಳಿಕೆಯನ್ನೂ ಕಳೆದುಕೊಳ್ಳಬಾರದು, ಕೆಲಸದ ಹೊರೆಯನ್ನು ಸರಿಯಾಗಿ ಅಳೆಯಬೇಕು, ಯಂತ್ರದಿಂದ ಬಂದ ಲಾಭದಲ್ಲಿ ಕಾರ್ಮಿಕರಿಗೂ ನ್ಯಾಯವಾದ ಪಾಲು ಸಿಗಬೇಕು ಎಂಬವು ಅದರ ತಿರುಳು. ಅದಕ್ಕೆ ಕಾಯಿದೆಯ ಬಲ ಇರಲಿಲ್ಲ. ಆದರೂ ಮುಂದಿನ ಮೂರು ದಶಕ ನಡೆದ ಮಾತುಕತೆಗಳ ಭಾಷೆ ಹುಟ್ಟಿದ್ದು ಅಲ್ಲಿಯೇ ಎನ್ನಬಹುದು.

ಮೊದಲ ದೊಡ್ಡ ಪರೀಕ್ಷೆ ಎದುರಾದದ್ದು ಜೀವ ವಿಮಾ ನಿಗಮದಲ್ಲಿ. 1960ರ ದಶಕದಲ್ಲಿ ನಿಗಮ ಕಂಪ್ಯೂಟರ್ ತರಲು ಹೊರಟಾಗ ಕಲ್ಕತ್ತದ ಇಲಾಕೋ ಹೌಸ್ ಕಚೇರಿಯ ಸುತ್ತ ನೌಕರರು ಹಗಲು ರಾತ್ರಿ ಕಾವಲು ನಿಂತರು. ನಿರುದ್ಯೋಗ ತೀವ್ರವಾಗಿದ್ದ ಕಾಲ ಅದು. ಅಖಿಲ ಭಾರತ ವಿಮಾ ನೌಕರರ ಸಂಘಕ್ಕೆ ಒಂದು ಯಂತ್ರ ಎಂದರೆ ನೂರಾರು ಗುಮಾಸ್ತೆಗಳ ಅನ್ನದ ಪ್ರಶ್ನೆಯಾಗಿ ಕಂಡಿತು. ವಿವಾದ ದೇಶವ್ಯಾಪಿಯಾದಾಗ ಕೇಂದ್ರ ಸರಕಾರ ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1972ರಲ್ಲಿ ಅದು ವರದಿ ಕೊಟ್ಟಿತು.

ಬ್ಯಾಂಕುಗಳಲ್ಲಿ ದಾರಿ ಬೇರೆಯಾಯಿತು. ಕರ್ನಾಟಕದ ಮಟ್ಟಿಗೆ ಇದು ಮನೆಮನೆಯ ವಿಷಯ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಎಂಬ ನಾಲ್ಕು ರಾಷ್ಟ್ರೀಕೃತ ಬ್ಯಾಂಕುಗಳು ಹುಟ್ಟಿದ್ದು ಅವಿಭಜಿತ ದಕ್ಷಿಣ ಕನ್ನಡದಲ್ಲಿ, ಅಲ್ಲಿನ ಸಾವಿರಾರು ಕುಟುಂಬಗಳು ಬ್ಯಾಂಕಿನ ಸಂಬಳದಿಂದ ಮೇಲೆ ಬಂದಿವೆ. ಆ ಶಾಖೆಗಳಲ್ಲಿ ದಪ್ಪ ಲೆಡ್ಜರುಗಳಿರುತ್ತಿದ್ದವು. ಸಂಜೆಯಾದ ಮೇಲೆ ಲೆಕ್ಕ ತಾಳೆಯಾಗುವವರೆಗೆ ಗುಮಾಸ್ತರು ಏಳುವಂತಿರಲಿಲ್ಲ. ಚೆಂದದ ಅಕ್ಷರ, ಬಾಯಲ್ಲೇ ಉದ್ದದ ಕೂಡಿಕೆ ಮಾಡುವ ಜಾಣ್ಮೆ, ಗಿರಾಕಿಯ ಸಹಿಯನ್ನು ಕಂಡ ಕೂಡಲೇ ಗುರುತಿಸುವ ಕಣ್ಣು ಇವು ಒಳ್ಳೆಯ ಗುಮಾಸ್ತರ ಆಸ್ತಿ. ಯಂತ್ರ ಬಂದರೆ ಈ ಆಸ್ತಿಗೆ ಏನಾಗುತ್ತದೆ ಎಂಬ ಆತಂಕ ಸಹಜವಾಗಿತ್ತು.

1983ರ ಸೆಪ್ಟೆಂಬರ್ 8ರಂದು ಭಾರತೀಯ ಬ್ಯಾಂಕುಗಳ ಸಂಘ ಮತ್ತು ನೌಕರರ ಸಂಘಗಳ ನಡುವೆ ಯಾಂತ್ರೀಕರಣದ ಒಪ್ಪಂದವಾಯಿತು. ಯಾವ ಯಂತ್ರ, ಎಂಥ ಶಾಖೆಗೆ, ಎಷ್ಟು ಎಂಬುದನ್ನೆಲ್ಲ ಅಲ್ಲೇ ನಿಗದಿ ಮಾಡಲಾಯಿತು. ವ್ಯವಹಾರ ಹೆಚ್ಚಿದ್ದ ಶಾಖೆಗಳಲ್ಲಿ ಮಾತ್ರ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳಿಗೆ ಅವಕಾಶ. ಅವುಗಳ ಮುಂದೆ ಕೂರುವವರಿಗೆ ವಿಶೇಷ ಭತ್ಯೆ. ಅದೇ ಹೊತ್ತಿಗೆ ರಿಸರ್ವ್ ಬ್ಯಾಂಕು ನೇಮಿಸಿದ್ದ ಸಿ. ರಂಗರಾಜನ್ ಸಮಿತಿ 1984ರಲ್ಲಿ ಯಾಂತ್ರೀಕರಣದ ಮಾರ್ಗ ಸೂಚಿಸಿತು. ಆ ದಶಕದ ಕೊನೆಗೆ ಅವರದೇ ನೇತೃತ್ವದ ಎರಡನೆಯ ಸಮಿತಿ ಪೂರ್ಣ ಕಂಪ್ಯೂಟರೀಕರಣದ ಕಡೆ ಬೆರಳು ತೋರಿತು. 1993ರಲ್ಲಿ ಇನ್ನೊಂದು ಒಪ್ಪಂದ ನಿರ್ಬಂಧಗಳನ್ನು ಸಡಿಲಿಸಿತು.

ಈ ನಿಧಾನವನ್ನು ಆ ಕಾಲದಲ್ಲಿ ಹಲವರು ಟೀಕಿಸಿದರು, ಮುಂದುವರಿದ ದೇಶಗಳಿಗಿಂತ ಭಾರತ ಎರಡು ದಶಕ ಹಿಂದೆ ಬಿತ್ತೆಂದರು. ಟೀಕೆಯಲ್ಲಿ ಹುರುಳಿತ್ತು. ಆದರೆ ಆ ಹತ್ತು ವರ್ಷಗಳಲ್ಲಿ ಇನ್ನೊಂದೂ ನಡೆಯಿತು: ಲೆಡ್ಜರ್ ಬರೆಯುತ್ತಿದ್ದ ಕೈಗಳೇ ಕೀಬೋರ್ಡಿಗೆ ಒಗ್ಗಿದವು, ಯಂತ್ರ ಬಂದರೂ ಕೆಲಸ ಹೋಗದು ಎಂಬುದು ಕಣ್ಣೆದುರೇ ಕಂಡಿತು. 1990ರ ದಶಕದ ನಡುವಿನಲ್ಲಿ ಮೊದಲ ದಿನದಿಂದಲೇ ಕಂಪ್ಯೂಟರಿನ ಮೇಲೆ ನಿಂತ ಹೊಸ ಖಾಸಗಿ ಬ್ಯಾಂಕುಗಳು ಬಂದು ಗಿರಾಕಿಗಳನ್ನು ಸೆಳೆಯತೊಡಗಿದಾಗ ಶಾಖೆಗಳ ಒಳಗಿನ ಚರ್ಚೆಯ ದಿಕ್ಕೇ ಬದಲಾಯಿತು. ಕೇಂದ್ರ ಜಾಗೃತ ಆಯುಕ್ತರಾಗಿದ್ದ ಎನ್. ವಿಠ್ಠಲ್ ಸರಕಾರಿ ಬ್ಯಾಂಕುಗಳು ಶೇ. 70ರಷ್ಟು ವ್ಯವಹಾರವನ್ನು 2001ರ ಆರಂಭದೊಳಗೆ ಕಂಪ್ಯೂಟರಿಗೆ ತರಬೇಕೆಂದು ಗಡುವು ಕೊಟ್ಟರು. ಸುಮಾರು ಅದೇ ಹೊತ್ತಿಗೆ ಸ್ವಯಂ ನಿವೃತ್ತಿ ಯೋಜನೆ ಬಂತು. ಸುಮಾರು ಒಂದು ಲಕ್ಷ ನೌಕರರು ಹೊರಹೋದರು. ಯಾರನ್ನೂ ಬಲವಂತವಾಗಿ ತೆಗೆಯಲಿಲ್ಲವಾದರೂ, ಅನುಭವಸ್ಥರ ಒಂದು ದೊಡ್ಡ ಪೀಳಿಗೆ ಹೊಸ ಪದ್ಧತಿಗೆ ಕಾಲಿಡುವ ಮೊದಲೇ ಹೊರಟುಹೋಯಿತು. ಯಂತ್ರದ ಲೆಕ್ಕದಲ್ಲಿ ಈ ನಷ್ಟವನ್ನು ಹಿಡಿದವರು ಕಡಿಮೆ.

ರೈಲ್ವೆಯ ಉದಾಹರಣೆ ಚಿಕ್ಕದಾದರೂ ತಿಳಿಯಾದದ್ದು. 1985ರ ನವೆಂಬರಿನಲ್ಲಿ ದೆಹಲಿಯಲ್ಲಿ ಕಂಪ್ಯೂಟರ್ ಮೂಲಕ ಸೀಟು ಕಾಯ್ದಿರಿಸುವ ಪದ್ಧತಿ ಶುರುವಾಯಿತು; ತಂತ್ರಾಂಶ ಬರೆದದ್ದು ಆಗ ಸರಕಾರಿ ಸಂಸ್ಥೆಯಾಗಿದ್ದ ಸಿಎಂಸಿ. ಮೊದಲು ಒಂದೊಂದು ರೈಲಿಗೆ ಒಂದೊಂದು ಕೌಂಟರು, ಒಂದೊಂದು ರಿಜಿಸ್ಟರು ಇದ್ದವು. ಹೊಸ ಪದ್ಧತಿಯಲ್ಲಿ ಯಾವ ಕಿಂಡಿಯಲ್ಲಾದರೂ ಯಾವ ರೈಲಿನ ಟಿಕೆಟಾದರೂ ಸಿಗತೊಡಗಿತು. ಕಿಂಡಿಯ ಎದುರಿನ ಜಗಳ ಕಡಿಮೆಯಾದದ್ದು ಒಳಗೆ ಕೂತವರಿಗೇ ನೇರವಾಗಿ ಸಿಕ್ಕ ಲಾಭ.

ಕರ್ನಾಟಕ: ಪಹಣಿಯಿಂದ ಆ್ಯಪಿನವರೆಗೆ

ಕರ್ನಾಟಕದ ಭೂಮಿ ಯೋಜನೆ ಈ ವಿಷಯದಲ್ಲಿ ದೇಶಕ್ಕೇ ಪರಿಚಿತ. ಅದಕ್ಕೆ ಮುಂಚೆ ಜಮೀನಿನ ದಾಖಲೆಯಾದ ಪಹಣಿ ಇರುತ್ತಿದ್ದುದು ಗ್ರಾಮ ಲೆಕ್ಕಿಗರ ಕೈಯಲ್ಲಿ. ರಾಜ್ಯದಲ್ಲಿ ಸುಮಾರು ಒಂಬತ್ತು ಸಾವಿರ ಲೆಕ್ಕಿಗರು, ಒಬ್ಬೊಬ್ಬರ ಪಾಲಿಗೆ ಮೂರು ನಾಲ್ಕು ಹಳ್ಳಿಗಳು. ಬ್ಯಾಂಕ್ ಸಾಲಕ್ಕೆ ಪಹಣಿ ಬೇಕಾದ ರೈತ ಮೊದಲು ಅವರನ್ನು ಹುಡುಕಬೇಕಿತ್ತು, ಕೈ ಬೆಚ್ಚಗೆ ಮಾಡಬೇಕಾದ ಸಂದರ್ಭಗಳೂ ಸಾಮಾನ್ಯವಾಗಿದ್ದವು. 1990ರ ದಶಕದಲ್ಲಿ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಕೇಂದ್ರದ ಯೋಜನೆಯೊಂದು ಬಂದಿತ್ತು. ಆದರೆ ಕೈಬರಹದ ಪಹಣಿಯೇ ಚಲಾವಣೆಯಲ್ಲಿದ್ದುದರಿಂದ ಅದು ಕೆಲಸದ ಭಾಗವೇ ಆಗಲಿಲ್ಲ.

ಕಂದಾಯ ಇಲಾಖೆಯ ಅಧಿಕಾರಿ ರಾಜೀವ್ ಚಾವ್ಲಾ ಮುನ್ನಡೆಸಿದ ಭೂಮಿ ಯೋಜನೆ 2000ದ ಆಸುಪಾಸಿನಲ್ಲಿ ಇದನ್ನು ಬದಲಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತುಂಬಿ 177 ತಾಲ್ಲೂಕು ಕಚೇರಿಗಳಲ್ಲಿ ಕೌಂಟರ್ ತೆರೆಯಲಾಯಿತು. 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ. ಒಂದು ತಾಲ್ಲೂಕಿನ ದಾಖಲೆ ಸಿದ್ಧವಾದ ಕೂಡಲೇ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯನ್ನೇ ತೆಗೆಯಲಾಯಿತು. ಅರ್ಜಿಗಳು ಬಂದ ಸರದಿಯಲ್ಲೇ ಖಾತೆ ಬದಲಾವಣೆ ಆಗಬೇಕೆಂದು ತಂತ್ರಾಂಶ ಕಟ್ಟುನಿಟ್ಟು ಮಾಡಿತು, ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಾಯಿತು. ಇದರ ಜೊತೆಗೆ ರಾಜ್ಯ ಮಟ್ಟದಲ್ಲೂ ವಿಭಾಗ ಮಟ್ಟದಲ್ಲೂ ಸಾಲು ಸಾಲು ಕಾರ್ಯಾಗಾರಗಳು ನಡೆದವು. ಲೆಕ್ಕಿಗರ ಕೆಲಸ ಹೋಗಲಿಲ್ಲ. ಬೆಳೆ ದಾಖಲು, ಸ್ಥಳ ಪರಿಶೀಲನೆ ಅವರ ಕೈಯಲ್ಲೇ ಉಳಿದವು.

ಇಲ್ಲಿ ಒಲಿಸುವುದಕ್ಕಿಂತ ಹೆಚ್ಚಾಗಿ ಹಳೆಯ ದಾರಿಯನ್ನು ಮುಚ್ಚಿದ್ದು ಕೆಲಸ ಮಾಡಿತು. ಬಲವಂತ ಫಲಿಸಿದ್ದಕ್ಕೆ ಎರಡು ಕಾರಣ ಕಾಣುತ್ತವೆ: ಸರಕಾರ ಯೋಜನೆಯ ಬೆನ್ನಿಗೆ ಗಟ್ಟಿಯಾಗಿ ನಿಂತಿತ್ತು, ಹೊರಗೆ ನಿಂತ ರೈತನಿಗೆ ಸಿಕ್ಕ ಅನುಕೂಲ ತಕ್ಷಣ ಕಣ್ಣಿಗೆ ಬೀಳುವಂತಿತ್ತು. ಹಳ್ಳಿಯ ಮಟ್ಟದಲ್ಲಿದ್ದ ಅಧಿಕಾರ ತಾಲ್ಲೂಕಿಗೆ ಏರಿ, ದೊಡ್ಡ ಜಮೀನು ವ್ಯವಹಾರ ಮಾಡುವವರಿಗೆ ಅನುಕೂಲವಾಯಿತೆಂದು ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ವಾದಿಸಿದ್ದನ್ನೂ ಇದರ ಜೊತೆಗೆ ಓದಿಕೊಳ್ಳಬೇಕು.

ಎರಡು ದಶಕಗಳ ಬಳಿಕ ಅದೇ ವರ್ಗದ ನೌಕರರು ಬೀದಿಗಿಳಿದರು. ಗ್ರಾಮ ಆಡಳಿತಾಧಿಕಾರಿಗಳೆಂಬ ಹೊಸ ಪದನಾಮ ಪಡೆದಿದ್ದ ಅವರು 2024ರ ಸೆಪ್ಟೆಂಬರ್ ಕೊನೆಯಲ್ಲಿ ಮುಷ್ಕರ ಹೂಡಿದರು, 2025ರ ಫೆಬ್ರುವರಿಯಲ್ಲಿ ಮತ್ತೆ ಧರಣಿ ಕೂತರು. ಹದಿನೈದಕ್ಕೂ ಹೆಚ್ಚು ಆ್ಯಪ್ ಮತ್ತು ತಂತ್ರಾಂಶಗಳಲ್ಲಿ ಕೆಲಸ ಮಾಡಬೇಕು, ಆದರೆ ಅದಕ್ಕೆ ಒಳ್ಳೆಯ ಫೋನು, ಲ್ಯಾಪ್‌ಟಾಪು, ಇಂಟರ್ನೆಟ್ಟು, ಕೂರಲು ಸರಿಯಾದ ಜಾಗ ಇಲ್ಲ ಎಂಬುದು ಅವರ ದೂರುಗಳಲ್ಲಿ ಮುಖ್ಯವಾದದ್ದು. ಇದನ್ನು ತಂತ್ರಜ್ಞಾನ ವಿರೋಧವೆಂದು ಓದಿದರೆ ತಪ್ಪಾಗುತ್ತದೆ. ಅವರು ಕೇಳಿದ್ದು ಸಾಧನ, ಸಮಯ ಮತ್ತು ಮಿತಿಯನ್ನು.

ಅಂಗನವಾಡಿ ಕಾರ್ಯಕರ್ತೆಯರ ಅನುಭವವೂ ಇದೇ ಜಾತಿಯದು. 2021ರಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಬಂದಾಗ ಮಹಾರಾಷ್ಟ್ರದಲ್ಲಿ ಸಾವಿರಾರು ಕಾರ್ಯಕರ್ತೆಯರು ಸರಕಾರ ಕೊಟ್ಟ ಫೋನುಗಳನ್ನು ವಾಪಸು ಮಾಡಿದರು. ಫೋನು ಬಿಸಿಯಾಗಿ ನಿಲ್ಲುತ್ತಿತ್ತು, ಆ್ಯಪ್ ಇಂಗ್ಲಿಷಿನಲ್ಲಿತ್ತು. ಮಗುವಿನ ತೂಕ, ಎತ್ತರವನ್ನು ವರ್ಷಗಟ್ಟಲೆ ತಮ್ಮ ಭಾಷೆಯಲ್ಲಿ ತಪ್ಪಿಲ್ಲದೆ ಬರೆದುಕೊಂಡು ಬಂದ ಹೆಣ್ಣುಮಕ್ಕಳು ಇದ್ದಕ್ಕಿದ್ದಂತೆ ಏನೂ ಬಾರದವರೆನಿಸಿಕೊಳ್ಳುವ ಸ್ಥಿತಿ ಬಂತು. ಅವರ ಕೋಪದ ಬೇರು ಇರುವುದು ಈ ಅವಮಾನದಲ್ಲಿ. ಕರ್ನಾಟಕದ ಸರಕಾರಿ ಕಚೇರಿಗಳಲ್ಲಿ ಕಂಪ್ಯೂಟರ್ ತಕ್ಕಮಟ್ಟಿಗೆ ಒಗ್ಗಿದ್ದರಲ್ಲಿ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಮತ್ತು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಪಾತ್ರ ದೊಡ್ಡದು. ಕಡತದ ಭಾಷೆಯಲ್ಲೇ ಬೆರಳಚ್ಚು ಮಾಡಬಹುದೆಂಬ ಧೈರ್ಯವನ್ನು ಅವು ಕೊಟ್ಟವು.

ನಿಯಮದ ಬಲವನ್ನೂ ರಾಜ್ಯ ಪ್ರಯತ್ನಿಸಿದೆ. 2012ರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮಗಳು ಸರಕಾರಿ ನೌಕರರ ಬಡ್ತಿಯನ್ನೂ ವೇತನ ಬಡ್ತಿಯನ್ನೂ ಪರೀಕ್ಷೆಯ ತೇರ್ಗಡೆಗೆ ಜೋಡಿಸಿದವು. ಪಾಸು ಮಾಡುವ ಗಡುವು ಮಾತ್ರ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಪರೀಕ್ಷೆ ಪಾಸಾಗುವುದಕ್ಕೂ ದಿನದ ಕೆಲಸದಲ್ಲಿ ಬಳಸುವುದಕ್ಕೂ ನಡುವೆ ದೂರವಿದೆ. ಆ ದೂರವನ್ನು ಪಕ್ಕದ ಮೇಜಿನ ಸಹೋದ್ಯೋಗಿ ತುಂಬಿದಷ್ಟು ಯಾವ ಆದೇಶವೂ ತುಂಬಲಾರದು.

ಸಿದ್ಧಾಂತಗಳು

ಈ ಕ್ಷೇತ್ರದ ಬಹುಚರ್ಚಿತ ಪುಸ್ತಕ ಎವರೆಟ್ ರೋಜರ್ಸ್ 1962ರಲ್ಲಿ ಹೊಸತನ ಹರಡುವ ಬಗೆಯನ್ನು ಕುರಿತು ಬರೆದದ್ದು. ಅದಕ್ಕೆ ಮೂಲ ಅಯೋವಾದ ರೈತರು ಹೈಬ್ರಿಡ್ ಮೆಕ್ಕೆಜೋಳಕ್ಕೆ ಬದಲಾದುದರ ಅಧ್ಯಯನ. ಹೊಸದರಿಂದ ಲಾಭ ಕಾಣಬೇಕು, ರೂಢಿಗೆ ಹೊಂದಬೇಕು, ಸರಳವಾಗಿರಬೇಕು, ಸ್ವಲ್ಪ ಪ್ರಯೋಗಿಸಿ ನೋಡುವಂತಿರಬೇಕು, ಇನ್ನೊಬ್ಬರಿಗೆ ಆದ ಫಲ ಕಣ್ಣಿಗೆ ಬೀಳಬೇಕು ಎಂಬುದು ಅವರ ನಿಲುವು. 1989ರಲ್ಲಿ ಫ್ರೆಡ್ ಡೇವಿಸ್ ಕಚೇರಿ ತಂತ್ರಾಂಶಗಳನ್ನು ಅಳೆದು ಎರಡೇ ಮಾತಿಗೆ ಇಳಿಸಿದರು: ಇದು ನನಗೆ ಉಪಯೋಗವೇ, ಇದು ಸುಲಭವೇ. ಎರಡರಲ್ಲಿ ಉಪಯೋಗದ ತೂಕವೇ ಹೆಚ್ಚೆಂದು ಅವರು ಕಂಡರು. 2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತು ಸಂಗಡಿಗರು ಇದಕ್ಕೆ ಸುತ್ತಲಿನವರ ಪ್ರಭಾವವನ್ನೂ ಸೌಲಭ್ಯಗಳನ್ನೂ ಸೇರಿಸಿದರು. ಈ ಮಾದರಿಗಳು ಪ್ರಶ್ನಾವಳಿಗೆ ಚೆನ್ನಾಗಿ ಒಗ್ಗುತ್ತವೆ. ಕೆಲಸ ಹೋಗುವ ಭಯ, ಸಂಘದ ಮಾತುಕತೆ, ಲಾಭದ ಹಂಚಿಕೆ ಇವು ಅವುಗಳ ಅಳತೆಗೆ ಸಿಗುವುದಿಲ್ಲ ಎನ್ನುವುದು ಅವುಗಳ ದೊಡ್ಡ ಮಿತಿ.

ವೈದ್ಯಕೀಯ ಕ್ಷೇತ್ರದ ಎರಡು ಘಟನೆಗಳು ಇಲ್ಲಿ ಹೆಚ್ಚು ಬೆಳಕು ಚೆಲ್ಲುತ್ತವೆ. ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆ 2002ರಲ್ಲಿ ವೈದ್ಯರು ಔಷಧಿಯನ್ನು ಕಂಪ್ಯೂಟರಿನಲ್ಲೇ ಬರೆಯಬೇಕೆಂಬ ವ್ಯವಸ್ಥೆ ತಂದಿತು. ಚೀಟಿಯಲ್ಲಿ ಕ್ಷಣದಲ್ಲಿ ಗೀಚುತ್ತಿದ್ದುದಕ್ಕೆ ಈಗ ಪರದೆಯ ಮೇಲೆ ಪರದೆ, ಎಚ್ಚರಿಕೆಯ ಮೇಲೆ ಎಚ್ಚರಿಕೆ. ನೂರಾರು ವೈದ್ಯರು ತಿರುಗಿಬಿದ್ದರು. ಕೋಟ್ಯಂತರ ಡಾಲರಿನ ವ್ಯವಸ್ಥೆಯನ್ನು 2003ರ ಜನವರಿಯಲ್ಲಿ ನಿಲ್ಲಿಸಬೇಕಾಯಿತು. ಕಲಿತವರು ಯಂತ್ರವನ್ನು ಸುಲಭವಾಗಿ ಒಪ್ಪುತ್ತಾರೆ, ಓದಿಲ್ಲದವರೇ ಅಡ್ಡಿ ಎಂಬ ನಂಬಿಕೆಗೆ ಇದು ತಕ್ಕ ಉತ್ತರ.

ಇನ್ನೊಂದು ಏಮಿ ಎಡ್ಮಂಡ್‌ಸನ್ ಮತ್ತು ಸಂಗಡಿಗರ ಅಧ್ಯಯನ. ಎದೆಯ ಮೂಳೆಯನ್ನು ಸೀಳದೆ ಪಕ್ಕೆಲುಬುಗಳ ನಡುವಿನ ಸಣ್ಣ ಗಾಯದ ಮೂಲಕ ಹೃದಯದ ಶಸ್ತ್ರಚಿಕಿತ್ಸೆ ಮಾಡುವ ಹೊಸ ವಿಧಾನವನ್ನು 16 ಆಸ್ಪತ್ರೆಗಳು ಕಲಿಯುತ್ತಿದ್ದವು. ಆಸ್ಪತ್ರೆಯ ಹೆಸರಾಗಲಿ ಶಸ್ತ್ರವೈದ್ಯರ ಹಿರಿತನವಾಗಲಿ ಫಲವನ್ನು ನಿರ್ಧರಿಸಲಿಲ್ಲ. ತಂಡವನ್ನು ಆರಿಸಿ, ಮೊದಲ ಹಲವು ಶಸ್ತ್ರಚಿಕಿತ್ಸೆಗಳಲ್ಲಿ ಅದೇ ತಂಡವನ್ನು ಉಳಿಸಿಕೊಂಡು, ದಾದಿಯರೂ ತಂತ್ರಜ್ಞರೂ ಕಂಡದ್ದನ್ನು ಬಾಯಿಬಿಟ್ಟು ಹೇಳಬಹುದೆಂಬ ವಾತಾವರಣ ಇಟ್ಟ ಕಡೆ ಕಲಿಕೆ ವೇಗವಾಗಿತ್ತು. ಕಲಿಯುವವರು ಮೊದಮೊದಲು ತಪ್ಪುತ್ತಾರೆ. ತಪ್ಪನ್ನು ಲೆಕ್ಕಕ್ಕೆ ಹಿಡಿಯದ ಒಂದು ಅವಧಿ ಇಲ್ಲದಿದ್ದರೆ ಯಾರೂ ಹೊಸದಕ್ಕೆ ಕೈ ಹಾಕುವುದಿಲ್ಲ.

ನಿಗಾ ಮತ್ತು ಕೃತಕ ಬುದ್ಧಿಮತ್ತೆ

ಕೆಲಸ ಹಗುರ ಮಾಡಲೆಂದು ಬಂದ ಯಂತ್ರ ನೌಕರರನ್ನು ಕಾಯುವ ಯಂತ್ರವೂ ಆದಾಗ ನಂಬಿಕೆ ಕೆಡುತ್ತದೆ. ಜರ್ಮನಿಯ 1972ರ ಕಾಯಿದೆಯ ಪ್ರಕಾರ, ನೌಕರರ ನಡವಳಿಕೆ ಅಥವಾ ಕೆಲಸವನ್ನು ಅಳೆಯುವ ಸಾಧನ ತರಬೇಕಾದರೆ ನೌಕರರ ಮಂಡಳಿಯ ಒಪ್ಪಿಗೆ ಕಡ್ಡಾಯ. ನಾರ್ವೆಯಲ್ಲಿ 1970ರ ದಶಕದಲ್ಲಿ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘ ಗಣಕ ವಿಜ್ಞಾನಿ ಕ್ರಿಸ್ಟನ್ ನಿಗಾರ್ಡ್ ಜೊತೆ ಸೇರಿ ತನ್ನ ಸದಸ್ಯರಿಗೇ ಕಂಪ್ಯೂಟರ್ ವ್ಯವಸ್ಥೆಗಳ ಬಗ್ಗೆ ಪಾಠ ಮಾಡಿಸಿತು. 1975ರಲ್ಲಿ ಆದ ರಾಷ್ಟ್ರೀಯ ಒಪ್ಪಂದ ಹೊಸ ವ್ಯವಸ್ಥೆಯ ಮಾಹಿತಿಯನ್ನು ಮುಂಚಿತವಾಗಿ ಪಡೆಯುವ ಹಕ್ಕನ್ನು ಕಾರ್ಮಿಕರಿಗೆ ಕೊಟ್ಟಿತು. ನಿಗಾ ಇಡುವ ಸಾಧನಗಳಿಗೆ ಜರ್ಮನಿಯಂತೆ ನೌಕರರ ಒಪ್ಪಿಗೆಯನ್ನು ಕಡ್ಡಾಯ ಮಾಡುವ ಏರ್ಪಾಡು ಭಾರತದಲ್ಲಿ ಇನ್ನೂ ಕಂಡಿಲ್ಲ, ಬೇಕಾಗಿದೆ.

ಕೃತಕ ಬುದ್ಧಿಮತ್ತೆಯ ಬಗ್ಗೆ 2023ರಲ್ಲಿ ಬಂದ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತಿತರರ ಅಧ್ಯಯನ ಗ್ರಾಹಕ ಸೇವೆಯ ಸುಮಾರು ಐದು ಸಾವಿರ ನೌಕರರನ್ನು ಗಮನಿಸಿತು. ಉತ್ತರ ಸೂಚಿಸುವ ತಂತ್ರಾಂಶ ಸಿಕ್ಕ ಮೇಲೆ ಅವರ ಕೆಲಸ ಸರಾಸರಿ ಶೇ. 14ರಷ್ಟು ವೇಗವಾಯಿತು, ಹೊಸಬರಲ್ಲಿ ಏರಿಕೆ ಶೇ. 34ರ ಹತ್ತಿರ. ನುರಿತವರಿಗೆ ಆದ ಲಾಭ ತೀರ ಕಡಿಮೆ. ನುರಿತವರು ಗ್ರಾಹಕರ ಜೊತೆ ಆಡಿದ ಮಾತುಗಳಿಂದಲೇ ಯಂತ್ರ ಕಲಿತಿತ್ತು, ಅವರ ಜಾಣ್ಮೆ ಹೊಸಬರ ಪರದೆಗೆ ಬಂದು ಬೀಳುತ್ತಿತ್ತು. ಹಾಗೆ ಹಂಚಿಹೋದ ಜಾಣ್ಮೆಗೆ ಪ್ರತಿಫಲವೇನು ಎಂಬ ಪ್ರಶ್ನೆ ಈಗಿನ ಮಾತುಕತೆಗಳ ನಡುವಿಗೆ ಬಂದಿದೆ.

ಅದೇ ವರ್ಷ ಅಮೆರಿಕದ ಚಿತ್ರಕಥೆಗಾರರ ಸಂಘ 148 ದಿನ ಮುಷ್ಕರ ನಡೆಸಿ ಈ ಬಗ್ಗೆ ಬರಹದ ಒಪ್ಪಂದ ಪಡೆಯಿತು. ಅದರಂತೆ ನಿರ್ಮಾಣ ಸಂಸ್ಥೆಯ ಒಪ್ಪಿಗೆಯಿದ್ದರೆ ಬರಹಗಾರರು ಕೃತಕ ಬುದ್ಧಿಮತ್ತೆಯ ಸಾಧನ ಬಳಸಬಹುದು. ಬಳಸಲೇಬೇಕೆಂದು ಸಂಸ್ಥೆ ಒತ್ತಾಯಿಸುವಂತಿಲ್ಲ. ಯಂತ್ರ ಬರೆದದ್ದನ್ನು ಕೈಗೆ ಕೊಡುವಾಗ ಅದು ಯಂತ್ರದ್ದೆಂದು ತಿಳಿಸಬೇಕು. ಬರಹಗಾರರ ಹಳೆಯ ಕೃತಿಗಳನ್ನು ಯಂತ್ರಕ್ಕೆ ಕಲಿಸಲು ಬಳಸುವ ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ. ಅದನ್ನು ಪ್ರಶ್ನಿಸುವ ಹಕ್ಕನ್ನು ಸಂಘ ತನ್ನಲ್ಲೇ ಇಟ್ಟುಕೊಂಡು ಸಹಿ ಹಾಕಿತು.